ಮಗಳು ಬಂದಿದ್ದಾಳೆ, ಪಂಚಾಯ್ತಿ ಸೇರಿಸಬೇಡ

ತಂಗೀ,

ಮಗಳು ಮೊಮ್ಮಗನನ್ನು ಕರೆದುಕೊಂಡು ತಿಪಟೂರಿಗೆ ಬಂದು ಮೂರು ವಾರವಾಯಿತು, ವಾಪಸ್ ಹೋಗುವ ಮಾತೇ ಇಲ್ಲ ಎಂದೆ. ಫೋನಿನಲ್ಲಿ ಅತ್ತಿದ್ದು ಅವಳಿಗಾಗಿ ಅಂದುಕೊಂಡಿದ್ದೆ. ಕೊನೆಗೆ ನೀನು ಕೇಳಿದ್ದು ಮಾತ್ರ ‘ನಾಲ್ಕು ಜನಕ್ಕೆ ಏನಂತ ಹೇಳಲಿ ಅಕ್ಕಾ?’ ಅಂತ. ಅದಕ್ಕೇ ಮೊದಲು ಉತ್ತರ ಹೇಳಿ ಮುಗಿಸುತ್ತೇನೆ, ಇರುವುದರಲ್ಲೆಲ್ಲ ಸುಲಭದ್ದು ಅದೇ. ‘ಮಗಳು ಸದ್ಯಕ್ಕೆ ಇಲ್ಲೇ ಇರ್ತಾಳೆ, ಹುಡುಗನ್ನ ಇಲ್ಲೇ ಸ್ಕೂಲಿಗೆ ಸೇರಿಸ್ತಿದೀವಿ.’ ಇಷ್ಟೇ ಹೇಳು. ಯಾಕೆ ಅಂತ ಕೇಳಿದರೆ ಅದೇ ಮಾತನ್ನು ಇನ್ನೊಮ್ಮೆ ಹೇಳು. ಮೂರನೇ ಸಲ ಕೇಳುವವರು ಕಡಿಮೆ. ಕೇಳಿದರೆ ಕಾಫಿ ಮಾಡಲಾ ಅನ್ನು. ಸುಳ್ಳು ಮಾತ್ರ ಬೇಡ. ‘ಅಳಿಯ ಕಂಪನಿ ಕೆಲಸದ ಮೇಲೆ ಫಾರಿನ್ನಿಗೆ ಹೋಗಿದ್ದಾರೆ’ ಅಂತ ನೀನು ಶುರು ಮಾಡಿದರೆ, ಆರು ವರ್ಷದ ಆ ಹುಡುಗನೂ ಅದೇ ಸುಳ್ಳನ್ನು ಬಾಯಿಪಾಠ ಮಾಡಬೇಕಾಗುತ್ತದೆ. ಅವನಿಗೆ ಮಗ್ಗಿ ಕಲಿಯುವ ವಯಸ್ಸು.

ಹಾಸನದ ಕೋರ್ಟಿನಲ್ಲಿ ನಾನು ನಡೆಸಿದ್ದು ಹೆಚ್ಚಾಗಿ ಸಂಸಾರದ ಕೇಸುಗಳನ್ನೇ. ಗಂಡ ಹೆಂಡತಿ ಇಬ್ಬರೇ ಬಂದು ನಿಂತ ಕೇಸು, ಎಷ್ಟೇ ಕೆಟ್ಟಿದ್ದರೂ, ಒಂದಲ್ಲ ಒಂದು ದಡ ಸೇರುತ್ತಿತ್ತು. ಹಿಂದೆ ಎರಡು ಟ್ರ್ಯಾಕ್ಸ್ ತುಂಬ ಜನ ಇಳಿದ ಕೇಸು ಎಳೆದುಕೊಂಡೇ ಹೋಗುತ್ತಿತ್ತು. ಮದುವೆ ಊಟದ ಪಂಕ್ತಿಯಲ್ಲಿ ಸೋದರಮಾವನಿಗೆ ಆದ ಅವಮಾನ, ಬೀಗರು ವಾಪಸ್ ಕೊಡದ ಬೆಳ್ಳಿ ತಟ್ಟೆ, ದೊಡ್ಡಪ್ಪನ ಮರ್ಯಾದೆ, ಎಲ್ಲವೂ ಆ ಇಬ್ಬರ ತಲೆಯ ಮೇಲೆ ಬೀಳುತ್ತಿತ್ತು. ಅದನ್ನು ನೋಡಿ ನೋಡಿಯೇ ನಿನಗೆ ಹೇಳುತ್ತಿದ್ದೇನೆ. ತಪ್ಪು ಯಾರದು ಎಂದು ತೀರ್ಮಾನ ಮಾಡುವುದಕ್ಕೆ ಜಡ್ಜ್ ಇದ್ದಾರೆ, ಅದಕ್ಕೆ ಅವರಿಗೆ ಸಂಬಳವೂ ಇದೆ. ನಿನ್ನ ಪಾಲಿಗೆ ಬಂದಿರುವುದು ಬೆಳಿಗ್ಗೆ ಹಾಲು ಕಾಯಿಸುವುದು, ಎಂಟಕ್ಕೆ ತಿಂಡಿ ಕೊಡುವುದು, ರಾತ್ರಿ ಹೊತ್ತಿಗೆ ಸರಿಯಾಗಿ ದೀಪ ಆರಿಸುವುದು. ತಮಾಷೆಗೆ ಹೇಳುತ್ತಿಲ್ಲ. ಮನೆ ಎಂದಿನ ಹಾಗೆ ನಡೆಯುತ್ತಿದ್ದರೆ ತಾಯಿ ಮಗು ಇಬ್ಬರ ಕಾಲೂ ನೆಲಕ್ಕೆ ಹತ್ತುತ್ತದೆ. ಹಜಾರದಲ್ಲಿ ದಿನಾ ಪಂಚಾಯ್ತಿ ಸೇರಿದರೆ ಹತ್ತುವುದಿಲ್ಲ.

ನಮ್ಮಲ್ಲಿ ಸಾವಿಗೆ ಒಂದು ಕ್ರಮ ಇದೆ. ಹತ್ತನೇ ದಿನ, ಹನ್ನೊಂದನೇ ದಿನ, ವೈಕುಂಠ ಸಮಾರಾಧನೆ. ಅಷ್ಟು ದಿನ ಆ ಮನೆಗೆ ಅಕ್ಕಪಕ್ಕದವರು ಅನ್ನ ಸಾರು ತಂದಿಡುತ್ತಾರೆ, ಅತ್ತರೆ ಯಾಕೆ ಅಳುತ್ತೀಯ ಎಂದು ಯಾರೂ ಕೇಳುವುದಿಲ್ಲ. ಮದುವೆ ಮುರಿದು ಬಂದವಳಿಗೆ ಇದೊಂದೂ ಇಲ್ಲ. 1967ರಲ್ಲಿ ಹೋಮ್ಸ್ ಮತ್ತು ರಾಹೆ ಎಂಬ ಅಮೆರಿಕದ ಇಬ್ಬರು ಮನೋವೈದ್ಯರು, ಬದುಕಿನ ಯಾವ ಘಟನೆ ಮನುಷ್ಯನನ್ನು ಎಷ್ಟು ಅಲ್ಲಾಡಿಸುತ್ತದೆ ಎಂದು ಅಂಕ ಕೊಟ್ಟು ಪಟ್ಟಿ ಮಾಡಿದರು. ಗಂಡನೋ ಹೆಂಡತಿಯೋ ಸತ್ತರೆ 100, ವಿಚ್ಛೇದನಕ್ಕೆ 73, ಬೇರೆಯಾಗಿ ಇರುವುದಕ್ಕೆ 65. ಜೈಲಿಗೆ ಹೋಗುವುದು ಅದರ ಕೆಳಗೆ, 63. ಆ ಅಂಕ ಅಲ್ಲಿನ ಜನರನ್ನು ಕೇಳಿ ಹಾಕಿದ್ದು. ತಿಪಟೂರಿನಲ್ಲಿ ಕೇಳಿದ್ದರೆ ಇನ್ನೂ ಮೇಲಕ್ಕೆ ಹೋಗುತ್ತಿತ್ತೋ ಏನೋ. ನಾನು ಹೇಳುವುದಿಷ್ಟು: ನಿನ್ನ ಮಗಳು ಈಗ ಒಂದು ಬಗೆಯ ಸೂತಕದಲ್ಲಿದ್ದಾಳೆ. ಹಗಲು ಹತ್ತರವರೆಗೆ ಮಲಗಿದರೆ ಸೋಮಾರಿ ಎನ್ನಬೇಡ. ಸಾರಿಗೆ ಎರಡು ಸಲ ಉಪ್ಪು ಹಾಕಿದರೆ ಸುಮ್ಮನೆ ನೀರು ಬೆರೆಸು.

ಅವಳ ಕಿವಿಗೆ ಬೀಳಬಾರದ ಮಾತು ಎರಡು ಥರದವು. ಒಂದು ನಿನಗೂ ಗೊತ್ತಿರುವುದೇ: ‘ಸ್ವಲ್ಪ ಹೊಂದಿಕೊಂಡು ಹೋಗಬೇಕಿತ್ತು’, ‘ನಾವೆಲ್ಲ ಬಾಳಲಿಲ್ವಾ’, ‘ನಿನ್ನ ಹಣೆಬರಹ’. ಇನ್ನೊಂದು ಪ್ರೀತಿಯಿಂದಲೇ ಬರುತ್ತದೆ, ಅದಕ್ಕೇ ಅಪಾಯ: ‘ಆ ಮನೆಹಾಳನ್ನ ಬಿಟ್ಟು ಬಂದಿದ್ದು ಒಳ್ಳೇದೇ ಆಯ್ತು.’ ಬೇರೆ ಇರುವುದಕ್ಕೂ ವಿಚ್ಛೇದನಕ್ಕೂ ನಡುವೆ ಬಹಳ ದಾರಿ ಇದೆ. ಆರು ತಿಂಗಳ ಮೇಲೆ ಇಬ್ಬರೂ ಕೂತು ಮಾತಾಡಿ ಮತ್ತೆ ಒಂದಾಗಬೇಕು ಎಂದು ಅವಳಿಗೆ ಅನ್ನಿಸಿತು ಅಂದುಕೋ. ನೀವೆಲ್ಲ ಬೈದು ಬೈದು ಆ ಮನುಷ್ಯನನ್ನು ರಾಕ್ಷಸ ಮಾಡಿಟ್ಟಿದ್ದರೆ ಅವಳು ಯಾವ ಮುಖ ಇಟ್ಟುಕೊಂಡು ನಿಮಗೆ ಹೇಳಬೇಕು? ಇಂಥ ಹುಡುಗಿಯರನ್ನು ನೋಡಿದ್ದೇನೆ. ಗಂಡನ ಜೊತೆ ಕದ್ದು ಫೋನಿನಲ್ಲಿ ಮಾತಾಡುತ್ತಿದ್ದರು, ಅಪ್ಪ ಅಮ್ಮನ ಭಯಕ್ಕೆ ಕೋರ್ಟಿನಲ್ಲಿ ಬೇರೆ ಹೇಳುತ್ತಿದ್ದರು. ಅವಳು ಬೈದಾಗ ಹೂಂ ಅನ್ನು. ನೀನಾಗಿ ಒಂದು ಮಾತು ಸೇರಿಸಬೇಡ.

ಆದರೆ ಒಂದು ವಿಷಯವನ್ನು ಕೇಳಲೇಬೇಕು. ಯಾರೂ ಇಲ್ಲದಾಗ, ತಲೆಗೆ ಎಣ್ಣೆ ಹಚ್ಚುವ ಹೊತ್ತಿಗೋ ಬಟ್ಟೆ ಮಡಿಸುವ ಹೊತ್ತಿಗೋ, ‘ಅವನು ಕೈ ಮಾಡ್ತಿದ್ನಾ?’ ಅಂತ ನೇರವಾಗಿ ಕೇಳು. ಹೌದು ಎಂದರೆ ನಾನು ಈವರೆಗೆ ಹೇಳಿದ ಸಮಾಧಾನದ ಮಾತನ್ನೆಲ್ಲ ಪಕ್ಕಕ್ಕಿಡು. ಹೊಡೆತ ಬಡಿತ ಇದ್ದ ಕಡೆ ‘ಹಿರಿಯರು ಕೂತು ಮಾತಾಡೋಣ’ ಎನ್ನುವುದು ಹೊಡೆದವನಿಗೆ ಅನುಕೂಲ. 2005ರ ಕೌಟುಂಬಿಕ ಹಿಂಸೆ ತಡೆ ಕಾಯ್ದೆಯಲ್ಲಿ ರಕ್ಷಣೆ ಆದೇಶ, ಗಂಡನ ಮನೆಯಲ್ಲೇ ವಾಸದ ಹಕ್ಕು, ಜೀವನಾಂಶ ಮೂರೂ ಉಂಟು. ತಾಲ್ಲೂಕಿನಲ್ಲಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ ಕಚೇರಿಗೆ ಹೋದರೆ ದಾರಿ ತೋರಿಸುತ್ತಾರೆ. 181 ಮಹಿಳಾ ಸಹಾಯವಾಣಿ ಹಗಲು ರಾತ್ರಿ ಇರುತ್ತದೆ. ಇಲ್ಲ ಎಂದರೆ ಮತ್ತೆ ಮತ್ತೆ ಕೆದಕಬೇಡ. ಬೇರೆ ಏನಿತ್ತೋ ಅವಳಿಗೆ ಹೇಳಬೇಕು ಅನ್ನಿಸಿದಾಗ ಹೇಳುತ್ತಾಳೆ, ಹೇಳದೆಯೂ ಇರಬಹುದು.

ಇನ್ನು ಹುಡುಗನ ವಿಷಯ. ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ಕೂರುತ್ತೇನೆ, ಬೇಜಾರಾಗಬೇಡ.

ಒಂದು ಕೇಸಿನಲ್ಲಿ ಮಗು ತಾಯಿಯ ಹತ್ತಿರ, ಭಾನುವಾರ ಅಪ್ಪನ ಹತ್ತಿರ. ಎಂಟು ವರ್ಷದ ಹುಡುಗ. ಒಂದು ಭಾನುವಾರ ಸಂಜೆ ಅಪ್ಪ ಆಟೋದಲ್ಲಿ ಕರೆದುಕೊಂಡು ಬರುತ್ತಿದ್ದಾಗ, ಬೀದಿ ತಿರುವು ಬರುತ್ತಲೇ ಹುಡುಗ ಅವತ್ತಷ್ಟೇ ಅಪ್ಪ ಕೊಡಿಸಿದ ಹೊಸ ಶೂ ಬಿಚ್ಚಿ ಬ್ಯಾಗಿನ ತಳಕ್ಕೆ ತುರುಕಿದ, ಹಳೇ ಚಪ್ಪಲಿ ಹಾಕಿಕೊಂಡ. ಅಪ್ಪ ಯಾಕೋ ಅಂದರೆ ‘ಅಜ್ಜಿ ಕೇಳ್ತಾರೆ’ ಅಂದನಂತೆ. ಆ ಅಜ್ಜಿ ಕೆಟ್ಟವರಲ್ಲ, ನನ್ನ ಕಕ್ಷಿದಾರಳ ತಾಯಿಯೇ, ನಿನ್ನ ಹಾಗೇ ಮೊಮ್ಮಗನ ಮೇಲೆ ಜೀವ. ಆದರೆ ಹುಡುಗ ಒಳಗೆ ಬಂದ ತಕ್ಷಣ ಶುರು ಮಾಡುತ್ತಿದ್ದರು: ಏನು ತಿಂದೆ, ಯಾರಿದ್ರು, ಏನು ಕೊಡಿಸಿದ, ನಿಮ್ಮಮ್ಮನ ವಿಷಯ ಏನಂದ? ಮಗು ಕಲಿತದ್ದು ಮುಚ್ಚಿಡುವುದನ್ನು. ಅಪ್ಪನ ಮನೆಯಲ್ಲಿ ಖುಷಿಯಾಗಿದ್ದೆ ಎಂದರೆ ಅಜ್ಜಿಗೆ ನೋವು, ಬೇಜಾರಾಗಿದ್ದೆ ಎಂದರೆ ಸುಳ್ಳು. ಎಂಟು ವರ್ಷಕ್ಕೆ ಅಷ್ಟು ಲೆಕ್ಕಾಚಾರ ಯಾಕೆ ಬೇಕು ಹೇಳು.

ಆದ್ದರಿಂದ ನಿನ್ನ ಮೊಮ್ಮಗ ಅಪ್ಪನ ಹತ್ತಿರ ಹೋಗಿ ಬಂದಾಗ, ಕೈಕಾಲು ತೊಳ್ಕೋ, ಊಟಕ್ಕೆ ಬಾ ಎನ್ನುವಷ್ಟೇ ಇರಲಿ. ಅವನಾಗಿ ಹೇಳಿದರೆ ಕೇಳಿಸಿಕೋ, ‘ಚೆನ್ನಾಗಿದೆಯಲ್ಲೋ ಶೂ’ ಅನ್ನು. ನಮ್ಮ ಕಡೆಯ ದೊಡ್ಡವರಿಗೆ ಒಂದು ಚಟ ಇದೆ. ನೆಂಟರ ಮನೆಗೆ ಬಂದ ಮಗುವಿನ ಗಲ್ಲ ಹಿಂಡಿ ‘ನಿನಗೆ ಅಪ್ಪ ಬೇಕಾ, ಅಮ್ಮ ಬೇಕಾ?’ ಅಂತ ಕೇಳುವುದು. ಸುಖವಾಗಿರುವ ಮನೆಯಲ್ಲಿ ಅದು ತಮಾಷೆ. ನಿಮ್ಮ ಮನೆಯಲ್ಲಿ ಈಗ ಯಾರಾದರೂ ಕೇಳಿದರೆ ಅವರು ಬೀಗಿತ್ತಿಯೇ ಆಗಲಿ, ಹಿರಿಯ ನಾದಿನಿಯೇ ಆಗಲಿ, ಮಧ್ಯೆ ಬಾಯಿ ಹಾಕಿ ನಿಲ್ಲಿಸು. ‘ನಿಮ್ಮಪ್ಪಂಗೆ ಹೇಳು ಫೀಸ್ ಕಟ್ಟು ಅಂತ’ ಎಂದು ಅವನ ಬಾಯಲ್ಲಿ ಸುದ್ದಿ ಕಳಿಸುವುದೂ ಬೇಡ. ದೊಡ್ಡವರ ಸುದ್ದಿ ದೊಡ್ಡವರ ಫೋನಿನಲ್ಲಿ.

ಅವನಿಗೆ ಏನು ಹೇಳಬೇಕು ಎಂದು ಕೇಳಿದೆ. ಅಪ್ಪ ಅಮ್ಮ ಇಬ್ಬರೂ ಸೇರಿ ಒಂದೇ ಮಾತನ್ನು ಹೇಳಿದರೆ ಒಳ್ಳೆಯದು, ಒಟ್ಟಿಗೆ ಕೂರಲು ಆಗದಿದ್ದರೆ ಬೇರೆ ಬೇರೆಯಾಗಿಯಾದರೂ ಅದೇ ಮಾತು: ಅಪ್ಪ ಅಮ್ಮ ಇನ್ನು ಬೇರೆ ಬೇರೆ ಮನೆಯಲ್ಲಿ ಇರ್ತೀವಿ, ನೀನು ಏನೂ ತಪ್ಪು ಮಾಡಿಲ್ಲ, ಇಬ್ಬರೂ ನಿನ್ನವರೇ. ಮಧ್ಯದ ಮಾತನ್ನು ಬಿಡಬಾರದು. ಆ ವಯಸ್ಸಿನ ಮಕ್ಕಳು ತಾವು ಹಟ ಮಾಡಿದ್ದಕ್ಕೇ, ಲೋಟ ಒಡೆದಿದ್ದಕ್ಕೇ ಅಪ್ಪ ಹೋದ ಅಂದುಕೊಳ್ಳುತ್ತವೆ, ಯಾರಿಗೂ ಹೇಳುವುದಿಲ್ಲ. ಒಂದು ಸಲ ಹೇಳಿದರೆ ಸಾಲದು. ಮತ್ತೆ ಹಾಸಿಗೆಯಲ್ಲಿ ಉಚ್ಚೆ ಹೊಯ್ಯುವುದು, ಸ್ಕೂಲಿಗೆ ಹೊರಡುವ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು, ಅಮ್ಮ ಬಚ್ಚಲಿಗೆ ಹೋದರೂ ಬಾಗಿಲ ಬಳಿ ನಿಲ್ಲುವುದು, ಇವು ಒಂದೆರಡು ತಿಂಗಳು ಇದ್ದಾವು. ಬೈಯಬೇಡ, ಹಾಸಿಗೆ ಮೇಲೆ ರಬ್ಬರ್ ಶೀಟ್ ಹಾಸು. ತಿಂಗಳುಗಟ್ಟಲೆ ಹಾಗೇ ಇದ್ದರೆ, ಮಾತು ಕಡಿಮೆಯಾದರೆ, ಮಕ್ಕಳ ಡಾಕ್ಟರಿಗೆ ತೋರಿಸಬೇಕು. ಕ್ಲಾಸ್ ಟೀಚರಿಗೆ ವಿಷಯ ತಿಳಿಸಿಡಿ. ‘ನಿಮ್ಮ ತಂದೆಯ ಸಹಿ ಹಾಕಿಸಿಕೊಂಡು ಬಾ’ ಎಂದು ಎಲ್ಲರ ಮುಂದೆ ಅವನನ್ನು ಎಬ್ಬಿಸಿ ನಿಲ್ಲಿಸುವುದು ತಪ್ಪುತ್ತದೆ. ಬೆಂಗಳೂರಿನ ಸ್ಕೂಲಿನವರು ಟಿ.ಸಿ. ಕೊಡುತ್ತಿಲ್ಲ ಎಂದೆಯಲ್ಲ, ಸರ್ಕಾರಿ ಅಥವಾ ಅನುದಾನಿತ ಶಾಲೆಗೆ ಸೇರಿಸುವುದಾದರೆ ಅದಕ್ಕೆ ಕಾಯಬೇಕಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿ.ಸಿ. ತಡವಾಯಿತೆಂದು ದಾಖಲಾತಿ ನಿಲ್ಲಿಸುವ ಹಾಗಿಲ್ಲ.

ಮಗು ನಮ್ಮದೇ, ಅವನಿಗೆ ತೋರಿಸುವುದಿಲ್ಲ ಎಂದು ಭಾವ ಕೂಗಾಡಿದರಂತೆ. ಅವರಿಗೆ ನಿಧಾನವಾಗಿ ಹೇಳು. 1956ರ ಕಾಯ್ದೆ ಹೇಳುವುದು ಐದು ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರಬೇಕು ಎಂದು. ಅದರ ಮೇಲೆ ಎಲ್ಲಕ್ಕಿಂತ ದೊಡ್ಡದು ಮಗುವಿನ ಹಿತ. ಅಜ್ಜನ ಹಟವನ್ನು ಮಗುವಿನ ಹಿತ ಎಂದು ಯಾವ ಜಡ್ಜೂ ಒಪ್ಪುವುದಿಲ್ಲ. ತಂದೆಗೆ ಭೇಟಿ, ಫೋನು, ರಜೆಯಲ್ಲಿ ಪಾಲು ಕೊಟ್ಟೇ ಕೊಡುತ್ತಾರೆ. ಕೋರ್ಟಿನವರು ಹೇಳಿ ಕೊಡಿಸುವ ಮೊದಲು ನೀವೇ ಕೊಟ್ಟರೆ ಚೆಂದ. ದಿನಾ ಸಂಜೆ ಏಳಕ್ಕೆ ಹುಡುಗನ ಹತ್ತಿರ ಹತ್ತು ನಿಮಿಷ ಫೋನು ಅಂತ ಒಂದು ಹೊತ್ತು ಇಟ್ಟುಕೊಳ್ಳಿ. ಅಷ್ಟು ಹೊತ್ತು ಟಿ.ವಿ. ಆರಿಸಿ ಎಲ್ಲರೂ ಬೇರೆ ರೂಮಿಗೆ ಹೋಗಿ, ಬಾಗಿಲ ಸಂದಿಯಲ್ಲಿ ನಿಂತು ಕೇಳಿಸಿಕೊಳ್ಳದೆ. ಅಪ್ಪ ಅಮ್ಮ ಬೇರೆಯಾಗಿದ್ದಕ್ಕಿಂತ ಅವರ ಜಗಳ ನಿಲ್ಲದೇ ಇದ್ದದ್ದೇ ಮಕ್ಕಳನ್ನು ಹೆಚ್ಚು ಕೆಡಿಸುತ್ತದೆ ಎಂದು ಇದನ್ನು ಓದಿಕೊಂಡವರು ಬಹಳ ವರ್ಷದಿಂದ ಹೇಳುತ್ತಿದ್ದಾರೆ. ಕೋರ್ಟಿನಲ್ಲಿ ನಾನು ಕಂಡದ್ದೂ ಅದೇ.

ಅಳಿಯ ಕರೆದುಕೊಂಡು ಹೋಗಲು ಬಂದಾಗ ಗೇಟಿನ ಹೊರಗೆ ನಿಲ್ಲಿಸಬೇಡ. ಒಂದು ಲೋಟ ಕಾಫಿ ಕೊಡು. ಅವನಿಗಾಗಿ ಕೊಡಲು ಮನಸ್ಸು ಬಾರದಿದ್ದರೆ ಹುಡುಗ ನೋಡುತ್ತಿದ್ದಾನೆ ಎಂದು ಕೊಡು. ಆ ಕಡೆಯೂ ಒಬ್ಬಳು ಅಜ್ಜಿ ಇದ್ದಾಳೆ, ಅವಳ ಮನೆಯಲ್ಲಿ ಇವನ ಆಟದ ಸಾಮಾನು ಬಿದ್ದಿದೆ. ಹುಟ್ಟುಹಬ್ಬಕ್ಕೆ ಅವಳು ಚಕ್ಕುಲಿ ಡಬ್ಬ ಕಳಿಸಿದರೆ ತೆಗೆದುಕೊಂಡು, ಡಬ್ಬ ಖಾಲಿ ಕಳಿಸಬೇಡ. ಬೀಗತನ ಮುರಿಯಬಹುದು, ಅವನ ಅಜ್ಜಿ ಎನ್ನುವುದನ್ನು ಯಾವ ಡಿಕ್ರಿಯೂ ತೆಗೆಯಲಾರದು. ಅಳಿಯನ ಬಗ್ಗೆಯೂ ಒಂದು ಮಾತು, ನಿನಗೆ ಕೋಪ ಬಂದರೂ ಸರಿ. ಹೆಂಗಸರು ಅಳಲು ತವರು ಅಂತ ಒಂದಿದೆ. ಆ ಹುಡುಗ ಬೆಂಗಳೂರಿನ ಫ್ಲಾಟಿನಲ್ಲಿ ಹೋಟೆಲ್ ಊಟ ತರಿಸಿಕೊಂಡು ಒಬ್ಬನೇ ಕೂತಿರುತ್ತಾನೆ, ಅಪ್ಪನ ಹತ್ತಿರವೂ ಹೇಳಿಕೊಂಡಿರುವುದಿಲ್ಲ. ನೀನು ಅವನನ್ನು ನೋಡಿಕೊಳ್ಳಬೇಕಿಲ್ಲ. ಕುಗ್ಗಿ ಹೋಗಿದ್ದಾನೆ ಎಂದು ಕಂಡರೆ ಅವನ ಅಣ್ಣನ ಕಿವಿಗೆ ಹಾಕು, ಅಷ್ಟು ಸಾಕು.

ಈಗ ಮಗಳ ಮನಸ್ಸಿನ ಆರೋಗ್ಯ. ಅಳುವುದು, ಸಿಡುಕುವುದು, ರಾತ್ರಿ ಹನ್ನೆರಡಕ್ಕೆ ಬೀರು ಜೋಡಿಸುವುದು, ಇದೆಲ್ಲ ಇದ್ದದ್ದೇ. ಎರಡು ವಾರಕ್ಕೂ ಮೇಲೆ ದಿನಾ ನಿದ್ದೆ ಇಲ್ಲ, ಊಟ ಸೇರುವುದಿಲ್ಲ, ಮಗನ ಮೇಲೂ ಲಕ್ಷ್ಯವಿಲ್ಲ, ತಲೆ ಬಾಚಿಕೊಳ್ಳಲೂ ಮನಸ್ಸಿಲ್ಲ ಎಂದಾದರೆ ಅದು ಬರೀ ದುಃಖ ಅಲ್ಲ, ಖಿನ್ನತೆ ಇರಬಹುದು, ಅದಕ್ಕೆ ಚಿಕಿತ್ಸೆ ಇದೆ. ‘ನಾನಿಲ್ಲದಿದ್ರೆ ನಿಮಗೆಲ್ಲ ಆರಾಮ’ ಎನ್ನುವ ಮಾತು ಬಂದರೆ ‘ಬಿಡ್ತು ಅನ್ನು’ ಎಂದು ಬಾಯಿ ಮುಚ್ಚಿಸಬೇಡ. ಪಕ್ಕದಲ್ಲಿ ಕೂತು ‘ಸಾಯಬೇಕು ಅನ್ನಿಸ್ತಿದೆಯಾ ಮಗಳೇ?’ ಎಂದು ಬಿಡಿಸಿ ಕೇಳು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎನ್ನುವುದು ತಪ್ಪು. ಕೇಳುವವರು ಒಬ್ಬರು ಸಿಕ್ಕರಲ್ಲ ಎಂದು ಎದೆ ಹಗುರಾಗುತ್ತದೆ. ಹೌದು ಎಂದರೆ ಆ ರಾತ್ರಿ ಅವಳನ್ನು ಒಂಟಿ ಮಲಗಿಸಬೇಡ. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿದ್ದರೆ ಅವತ್ತೇ ಹೊರಗೆ ಸಾಗಿಸಿ ಬೀಗ ಹಾಕಿ, ಬೆಳಿಗ್ಗೆಯೇ ಡಾಕ್ಟರ ಹತ್ತಿರ ಹೊರಡಿ.

14416 ಅನ್ನುವ ನಂಬರನ್ನು ಕ್ಯಾಲೆಂಡರಿನ ಮೇಲೆ ಬರೆದಿಡು. ಟೆಲಿ ಮಾನಸ್ ಅಂತ, 2022ರ ಅಕ್ಟೋಬರ್ 10ರಂದು ಶುರುವಾಯಿತು, ಅದರ ಹಿಂದೆ ನಮ್ಮ ನಿಮ್ಹಾನ್ಸ್ ಇದೆ. ಕನ್ನಡದಲ್ಲೇ ಮಾತಾಡುತ್ತಾರೆ, ಎಷ್ಟು ಹೊತ್ತಿಗಾದರೂ ಮಾಡಬಹುದು, ದುಡ್ಡಿಲ್ಲ. ಮನೋಚೈತನ್ಯ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರದ ದಿನ ಮನೋವೈದ್ಯರು ಬರುವ ಏರ್ಪಾಡಿದೆ, ನಿಮ್ಮ ಆಸ್ಪತ್ರೆಯಲ್ಲಿ ವಿಚಾರಿಸು. ಜಿಲ್ಲೆ ಜಿಲ್ಲೆಗೂ ಮನೋವೈದ್ಯರನ್ನು ತಲುಪಿಸುವ ಈ ಕೆಲಸ ದೇಶದಲ್ಲೇ ಮೊದಲು ಗಟ್ಟಿಯಾಗಿ ನಡೆದದ್ದು 1980ರ ದಶಕದಲ್ಲಿ ನಮ್ಮ ಬಳ್ಳಾರಿಯಲ್ಲಿ, ಆಮೇಲೆ ಅದನ್ನೇ ಮಾದರಿ ಮಾಡಿಕೊಂಡು ಬೇರೆ ಕಡೆ ಹೋದರು. ಅಂದ ಮೇಲೆ ನಾವು ನಾಚಿಕೊಳ್ಳುವುದು ಯಾಕೆ? ಮಾತ್ರೆ ಕೊಟ್ಟರೆ ಗುಣ ಕಾಣಲು ಕೆಲವು ವಾರ ಬೇಕು, ನಾಲ್ಕು ದಿನ ನುಂಗಿ ಏನೂ ಆಗಲಿಲ್ಲ ಎಂದು ಬಿಡುವ ಹಾಗಿಲ್ಲ, ಸ್ವಲ್ಪ ವಾಸಿಯಾಯಿತು ಎಂದು ತಾವೇ ನಿಲ್ಲಿಸುವ ಹಾಗೂ ಇಲ್ಲ. ಧರ್ಮಸ್ಥಳಕ್ಕೆ ಹೋಗಬೇಕು ಅಂದರೆ ಹೋಗಿ ಬನ್ನಿ, ಮಂಜುನಾಥ ಬೇಡ ಅನ್ನುವುದಿಲ್ಲ. ಮಾತ್ರೆ ಡಬ್ಬಿ ಜೊತೆಗಿರಲಿ. ಶಾಸ್ತ್ರ ಕೇಳಿಸಿ ಯಾರೋ ಮಾಟ ಮಾಡಿದ್ದಾರೆ ಎಂದು ಶುರುವಾದರೆ ಮಾತ್ರ ನನಗೆ ಫೋನ್ ಮಾಡು, ನಾನು ಬಂದು ಜಗಳ ಆಡುತ್ತೇನೆ.

ನೀನು ಹೇಳದೇ ಬಿಟ್ಟ ಒಂದು ವಿಷಯ ಇದೆ, ನಿನ್ನ ಸೊಸೆ. ಮಗಳು ಬಂದದ್ದರಿಂದ ಮನೆಯಲ್ಲಿ ಹೆಚ್ಚು ಅಲ್ಲಾಡಿರುವುದು ಅವಳ ಜಾಗ. ಅಡುಗೆಮನೆ ಅವಳದಾಗಿತ್ತು. ಈಗ ನಾದಿನಿ ಬಂದು ಸಾಸಿವೆ ಡಬ್ಬ ಬೇರೆ ಕಡೆ ಇಟ್ಟರೆ ಅವಳು ಬಾಯಿ ಬಿಟ್ಟು ಹೇಳುವ ಹಾಗೂ ಇಲ್ಲ. ಹೇಳಿದರೆ ‘ಕಷ್ಟದಲ್ಲಿರೋಳ ಮೇಲೆ ಕರುಣೆ ಇಲ್ಲ’ ಎಂಬ ಹೆಸರು. ಮಗಳನ್ನು ಎದೆಗೊರಗಿಸಿಕೊಂಡು ಕೂತ ಅತ್ತೆಯಂದಿರು ಸೊಸೆ ಬೆಳಿಗ್ಗೆ ಐದಕ್ಕೆ ಎದ್ದದ್ದನ್ನು ನೋಡುವುದಿಲ್ಲ. ಮೊದಲು ಅವಳನ್ನು ಕೂರಿಸಿಕೊಂಡು ಮಾತಾಡು. ಎಷ್ಟು ದಿನ, ಯಾವ ರೂಮು, ಯಾರ ಪಾಲಿಗೆ ಯಾವ ಕೆಲಸ ಎಂಬುದನ್ನು ಅವಳ ಎದುರಿಗೇ ತೀರ್ಮಾನ ಮಾಡು, ಅವಳಿಗೆ ಆಮೇಲೆ ತಿಳಿಸಬೇಡ. ಮಗಳನ್ನು ನೆಂಟಳ ಹಾಗೂ ಇಡಬೇಡ, ಋಣ ತೀರಿಸಲು ಬಂದ ಆಳಿನ ಹಾಗೂ ಇಡಬೇಡ. ಹಜಾರದ ದಿವಾನದ ಮೇಲೆ ಮಲಗಿಸುವುದು ಸಾಕು, ಹಿಂದಿನ ರೂಮಿನಿಂದ ಕೊಬ್ಬರಿ ಚೀಲ ಎತ್ತಿಸಿ ಅವಳಿಗೂ ಮಗನಿಗೂ ಬಿಟ್ಟುಕೊಡು, ಒಂದು ಬೀರುವಿನ ಬೀಗದಕೈ ಕೈಗೆ ಕೊಡು. ಅವಳು ಸಂಬಳ ಬಂದಾಗ ಗ್ಯಾಸಿಗೋ ಕರೆಂಟಿಗೋ ದುಡ್ಡು ಕೊಟ್ಟರೆ ‘ಅಯ್ಯೋ ನಿನ್ನಿಂದ ತಗೋತೀನಾ’ ಅನ್ನದೇ ತೆಗೆದುಕೋ. ಕೊಟ್ಟವಳು ನೆಟ್ಟಗೆ ಕೂತು ಊಟ ಮಾಡುತ್ತಾಳೆ.

ಅವಳಿಗೆ ಈ ಮನೆಯಲ್ಲಿ ಏನು ಹಕ್ಕು ಎಂದು ನಿನ್ನ ಮಗ ಕೇಳಿದನಂತಲ್ಲ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಎಂದು ಕರ್ನಾಟಕ 1994ರಲ್ಲೇ ತಿದ್ದುಪಡಿ ಮಾಡಿತು, ಮದುವೆಯಾಗದವರಿಗೆ ಮಾತ್ರ. 2005ರಲ್ಲಿ ಕೇಂದ್ರದ ತಿದ್ದುಪಡಿ ಮದುವೆಯಾದವರನ್ನೂ ಸೇರಿಸಿತು. ತೋಟ ನಿಮ್ಮ ಮಾವನವರ ಕಾಲದ್ದು, ಅದರಲ್ಲಿ ಅವಳಿಗೆ ಪಾಲಿದೆ. ಮನೆ ಭಾವ ಸ್ವಂತ ದುಡಿಮೆಯಲ್ಲಿ ಕಟ್ಟಿಸಿದ್ದು, ಅದು ಅವರ ಇಷ್ಟ. ಇದನ್ನು ಮಗನಿಗೆ ಗದರಿಸಿ ಹೇಳಬೇಡ, ತಿಳಿಸಿ ಹೇಳು. ಅವನ ಭಯವೂ ನಿಜವಾದದ್ದೇ.

ಕೋರ್ಟಿನ ವಿಷಯ ಚಿಕ್ಕದಾಗಿ. ಅವಸರ ಬೇಡ. ಇಬ್ಬರೂ ಒಪ್ಪಿ ಬೇರೆಯಾಗುವ ದಾರಿ 1955ರ ವಿವಾಹ ಕಾಯ್ದೆಯಲ್ಲಿ ಮೊದಲು ಇರಲಿಲ್ಲ, 1976ರಲ್ಲಿ ಬಂತು. ಒಂದು ವರ್ಷ ಬೇರೆ ಇದ್ದಿರಬೇಕು, ಅರ್ಜಿ ಹಾಕಿದ ಮೇಲೆ ಆರು ತಿಂಗಳು ಕಾಯಬೇಕು. ಆ ಆರು ತಿಂಗಳನ್ನು ತಕ್ಕ ಕಾರಣ ಇದ್ದರೆ ಮನ್ನಾ ಮಾಡಬಹುದು ಎಂದು ಸುಪ್ರೀಂ ಕೋರ್ಟು 2017ರಲ್ಲಿ ಹೇಳಿದೆ. ಮೀಡಿಯೇಷನ್‌ಗೆ ಕಳಿಸಿದರೆ ಮೂಗು ಮುರಿಯಬೇಡಿ, ಅಲ್ಲಿ ಆಡಿದ ಮಾತನ್ನು ಆಮೇಲೆ ಕೇಸಿನಲ್ಲಿ ಎತ್ತುವ ಹಾಗಿಲ್ಲ, ಆದ್ದರಿಂದ ಜನ ಸ್ವಲ್ಪ ಬಿಚ್ಚಿ ಮಾತಾಡುತ್ತಾರೆ. ವಕೀಲರ ಫೀಸಿಗೆ ಹೆದರಬೇಡ. 1987ರ ಕಾಯ್ದೆ ಪ್ರಕಾರ ಹೆಂಗಸರಿಗೆ ಆದಾಯ ಎಷ್ಟೇ ಇರಲಿ ಕಾನೂನು ನೆರವು ಉಚಿತ, ತಾಲ್ಲೂಕು ಕಾನೂನು ಸೇವಾ ಸಮಿತಿ ಕೋರ್ಟಿನ ಆವರಣದಲ್ಲೇ ಇರುತ್ತದೆ. ‘ಎಲ್ಲಾ ಸೆಕ್ಷನ್ನೂ ಹಾಕಿಬಿಡೋಣ, ತಾನಾಗಿ ದಾರಿಗೆ ಬರ್ತಾನೆ’ ಎನ್ನುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕಿರುಕುಳ ಆಗಿದ್ದರೆ ದೂರು ಕೊಡಲೇಬೇಕು. ಆಗದಿದ್ದರೆ ಚೌಕಾಸಿಗೆಂದು ಅತ್ತೆ ಮಾವ ಮೈದುನರ ಹೆಸರು ಬರೆಸಿದ ದಿನದಿಂದ ಆ ಹುಡುಗನಿಗೆ ಅಪ್ಪನ ಮನೆ ಎನ್ನುವುದೇ ಮುಚ್ಚಿಹೋಗುತ್ತದೆ. ಒಡವೆಯ ಪಟ್ಟಿ ಮಾಡಿ, ಬಿಲ್ಲು ಫೋಟೋ ಹುಡುಕಿಡಿ, ಅದು ಅವಳ ಸ್ತ್ರೀಧನ, ಕೇಳುವುದರಲ್ಲಿ ತಪ್ಪಿಲ್ಲ. ಒಂದು ಜೊತೆ ಬಳೆಗಾಗಿ ನಾಲ್ಕು ವರ್ಷ ವಾಯಿದೆ ಎಣಿಸುವುದು ಬೇಡ ಅಷ್ಟೆ.

ಗೌರಿ ಹಬ್ಬ ಬರುತ್ತದೆ. ಬಾಗಿನ ಎಲ್ಲಿಗೆ ಕಳಿಸಲಿ ಎಂದು ನಿನಗೆ ಸಂಕಟವಾಗುತ್ತದೆ, ಗೊತ್ತು. ಮನೆಯಲ್ಲೇ ಇದ್ದಾಳಲ್ಲ, ಕೈಗೇ ಕೊಡು. ಪಕ್ಕದ ಮನೆಯವರು ಅರಿಶಿನ ಕುಂಕುಮಕ್ಕೆ ಕರೆಯುವಾಗ ನಿನ್ನನ್ನು ಮಾತ್ರ ಕರೆದರೆ ‘ಇಬ್ಬರೂ ಬರ್ತೀವಿ’ ಅನ್ನು, ಅಲ್ಲಿ ಅವಳನ್ನು ಹಿಂದಿನ ಸಾಲಿಗೆ ತಳ್ಳಲು ಬಿಡಬೇಡ. ಕುಂಕುಮ ಅವಳ ಹಣೆಯದು, ಗಂಡನ ರೇಷನ್ ಕಾರ್ಡಿನದಲ್ಲ. ತಾಳಿ ಹಾಕಿಕೊಳ್ಳುತ್ತಾಳೋ ತೆಗೆದಿಡುತ್ತಾಳೋ ಅವಳಿಗೇ ಬಿಡು. ಕತ್ತಿನ ಕಡೆ ನೋಡುವುದನ್ನೂ ಬಿಡು, ನಿನ್ನ ಕಣ್ಣು ನನಗೆ ಗೊತ್ತು. ಹೋಗಲು ಮನಸ್ಸಿಲ್ಲ ಎಂದರೆ ಎಳೆದುಕೊಂಡು ಹೋಗಬೇಡ, ಬರುವ ವರ್ಷ ಹೋದರಾಯಿತು.

ಕೊನೆಗೆ ನಿನ್ನ ವಿಷಯ. ಬಿ.ಪಿ. ಮಾತ್ರೆ ತಪ್ಪಿಸುತ್ತಿದ್ದೀಯ ಎಂದು ನಿನ್ನ ಸೊಸೆ ಹೇಳಿದಳು, ಅವಳನ್ನು ಬೈಯಬೇಡ. ಶುಕ್ರವಾರದ ಭಜನೆಗೆ ಹೋಗುವುದನ್ನೂ ಬಿಟ್ಟಿದ್ದೀಯಂತೆ, ಯಾರಾದರೂ ಕೇಳುತ್ತಾರೆ ಎಂದು. ಕೇಳಲಿ, ಏನು ಹೇಳಬೇಕೆಂದು ಹೇಳಿಕೊಟ್ಟಿದ್ದೇನಲ್ಲ. ಅಳಬೇಕು ಅನ್ನಿಸಿದರೆ ಮಗಳ ಎದುರಿಗೆ ಬೇಡ, ಅವಳು ನಿನ್ನನ್ನೂ ಸಮಾಧಾನ ಮಾಡಬೇಕಾಗುತ್ತದೆ. ನನಗೆ ಫೋನ್ ಮಾಡು, ಮಧ್ಯಾಹ್ನ ಮೂರರ ಮೇಲೆ ಖಾಲಿ ಇರುತ್ತೇನೆ.

ಭಾವನವರು ಮಗಳ ಹತ್ತಿರ ಇನ್ನೂ ಒಂದು ಮಾತೂ ಆಡಿಲ್ಲ, ಊಟದ ಹೊತ್ತಿಗೆ ಪೇಪರ್ ಹಿಡಿದು ಕೂರುತ್ತಾರೆ ಎಂದೆಯಲ್ಲ. ಅವರಿಂದ ಈಗ ಮಾತು ನಿರೀಕ್ಷೆ ಮಾಡಬೇಡ, ಬರುವುದಿಲ್ಲ. ಕೆಲಸ ಕೊಡು. ಹುಡುಗನನ್ನು ಬೆಳಿಗ್ಗೆ ಸ್ಕೂಟರಿನಲ್ಲಿ ಸ್ಕೂಲಿಗೆ ಬಿಡುವುದು, ಭಾನುವಾರ ತೋಟಕ್ಕೆ ಕರೆದುಕೊಂಡು ಹೋಗಿ ಎಳನೀರು ಕೊಚ್ಚಿ ಕೊಡುವುದು, ಇವೆರಡು ಅವರ ಪಾಲಿಗೆ ಇರಲಿ. ನಾನು ಫೋನು ಕೊಡು ಎಂದರೆ ಮೊನ್ನೆ ನೀನು ಏನೋ ನೆಪ ಹೇಳಿದೆ. ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಲ್ಯಾಂಡ್‌ಲೈನಿಗೇ ಮಾಡುತ್ತೇನೆ, ನೀನು ಎತ್ತಬೇಡ, ಅವರೇ ಎತ್ತಲಿ.

ನಿನ್ನ ಅಕ್ಕ